ಸಣ್ಣ ಲೆಕ್ಕ, ದೊಡ್ಡ ಲೆಕ್ಕ

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗಣಿತದ ಮಾಸ್ತರನಾಗಿದ್ದೆ. ಅದರಲ್ಲಿ ಮೊದಲ ಕೆಲವು ವರ್ಷ ನನಗೆ ಗಣಿತ ಬರುತ್ತಿರಲಿಲ್ಲ. ನಿವೃತ್ತನಾದ ದಿನ ಕೊರಳಿಗೆ ಹಾರ ಹಾಕಿ ಮಾತಾಡಿದವರು ಯಾರೂ ಇದನ್ನು ಹೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ ಎಂದಲ್ಲ, ಅಂಥ ದಿನ ಆಡುವ ಮಾತಲ್ಲ ಎಂದು ಬಿಟ್ಟರು. ಈಗ ನಮ್ಮ ಕಡೆಯ ಹೈಸ್ಕೂಲುಗಳಿಗೆ ಗಣಿತ ಹೇಳಲು ಹೊಸಬರು ಬರುತ್ತಿದ್ದಾರೆ. ನಮ್ಮ ಮಗನಿಗೆ ಯಾವ ಗಣಿತ ಕೊಡಿಸಬೇಕು, ಕಠಿಣದ್ದೋ ಸಾದಾದ್ದೋ ಎಂದು ತಂದೆತಾಯಿಗಳು ಅವರನ್ನು ಕೇಳುತ್ತಾರೆ. ನನ್ನನ್ನೂ ಕೇಳುತ್ತಿದ್ದರು. ನಾನು ಏನು ಹೇಳಿದೆ, ಅದರಿಂದ ಏನಾಯಿತು ಎಂಬುದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ಕೊಡಂಬಲದವನು. ಹುಮನಾಬಾದಿನ ಶಾಲೆಗೆ ಸೇರಿದ್ದು ಮೂವತ್ತರ ದಶಕದಲ್ಲಿ, ನಿಜಾಮರ ಕಾಲ. ಪಾಠವೆಲ್ಲ ಉರ್ದುವಿನಲ್ಲಿ, ವಾರದ ರಜೆ ಶುಕ್ರವಾರ. ಕೆಳಗಿನ ತರಗತಿಗಳಿಗೆ ನಾನು ಮಗ್ಗಿ, ಬಡ್ಡಿ, ಹೊಲದ ಅಳತೆ ಕಲಿಸುತ್ತಿದ್ದೆ. ಅದು ನನಗೆ ಚೆನ್ನಾಗಿ ಬರುತ್ತಿತ್ತು. ಹುಡುಗರೂ ನನ್ನನ್ನು ಮೆಚ್ಚಿಕೊಂಡಿದ್ದರು.

ಎಂಟನೆಯ ತರಗತಿ ಮುಗಿದ ಮೇಲೆ ಗಣಿತದ ದಾರಿ ಎರಡಾಗುತ್ತಿತ್ತು. ಒಂದರಲ್ಲಿ ಬರೀ ವ್ಯವಹಾರದ ಅಂಕಗಣಿತ, ಇನ್ನೊಂದರಲ್ಲಿ ಬೀಜಗಣಿತ ಮತ್ತು ರೇಖಾಗಣಿತ. ಅವಕ್ಕೆ ಉರ್ದುವಿನಲ್ಲಿ ದೊಡ್ಡ ದೊಡ್ಡ ಹೆಸರುಗಳಿದ್ದವು. ಊರಿನವರು ಮಾತ್ರ ಸಣ್ಣ ಲೆಕ್ಕ, ದೊಡ್ಡ ಲೆಕ್ಕ ಎನ್ನುತ್ತಿದ್ದರು. ಸಣ್ಣ ಲೆಕ್ಕದವನಿಗೆ ಕಚೇರಿಯ ಕಾರಕೂನಿಕೆ ಸಿಗುತ್ತಿತ್ತು. ಓವರ್ಸಿಯರ್ ಆಗಬೇಕು, ಡಾಕ್ಟರಿಕೆ ಕಲಿಯಬೇಕು ಎನ್ನುವವನಿಗೆ ದೊಡ್ಡ ಲೆಕ್ಕ ಬೇಕೇ ಬೇಕು. ಆದರೆ ಅದರಲ್ಲಿ ನಪಾಸಾದರೆ ಇಡೀ ಪರೀಕ್ಷೆಯೇ ನಪಾಸು. ಆದ್ದರಿಂದ ಆರಿಸುವಾಗ ಮನೆಯವರು ಹತ್ತು ಸಲ ಯೋಚಿಸುತ್ತಿದ್ದರು, ಮಾಸ್ತರನ ಮಾತಿನ ಮೇಲೆ ಭಾರ ಹಾಕುತ್ತಿದ್ದರು. ನಾನೇ ಸಣ್ಣ ಲೆಕ್ಕದಲ್ಲಿ ಪಾಸಾದವನು. ದೊಡ್ಡ ಲೆಕ್ಕದ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದ್ದೆ, ಅಷ್ಟೇ.

ಆ ವರ್ಷ ದೊಡ್ಡ ಲೆಕ್ಕ ಹೇಳುತ್ತಿದ್ದ ಹೈದರಾಬಾದಿನ ಮಾಸ್ತರರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ನಮ್ಮ ಹೆಡ್‌ಮಾಸ್ತರ ಕರೀಮ್ ಸಾಹೇಬರು ನನ್ನನ್ನು ಕೋಣೆಗೆ ಕರೆಸಿದರು. ಎತ್ತರದ ಆಳು, ಶೇರ್ವಾನಿಯ ಗುಂಡಿಗಳನ್ನು ಬೇಸಿಗೆಯಲ್ಲೂ ಬಿಚ್ಚುತ್ತಿರಲಿಲ್ಲ.

“ಬಂಡೆಪ್ಪ, ದೊಡ್ಡ ಲೆಕ್ಕ ನೀನ ಸಂಭಾಳಸು,” ಎಂದರು.

“ನನಗ ಬರಂಗಿಲ್ರಿ ಸಾಬ್.”

“ಯಾರಿಗಿ ಬರ್ತದ? ಪುಸ್ತಕ ಅದ, ಪುಸ್ತಕದ ಹಿಂದ ಜವಾಬೂ ಅದ. ಓದಕೋತ ಹೋಗು. ಮತ್ತೊಂದು ಮಾತ. ಹುಡುಗರು ಸಾಕಷ್ಟು ಬರಲಿಲ್ಲ ಅಂದ್ರ ಮ್ಯಾಲಿನವರು ಈ ಕ್ಲಾಸೇ ಮುಚ್ಚತಾರ. ಹೋಗಿ ಮನಿ ಮನಿ ತಿರುಗಿ ನಾಕೈದು ಹುಡುಗರನ್ನರ ಹಿಡಕೊಂಡ ಬಾ.”

ನನಗೆ ಆಗ ಹೊಸದಾಗಿ ಮದುವೆಯಾಗಿತ್ತು. ಮೇಲಿನ ತರಗತಿಯ ಮಾಸ್ತರ ಎನ್ನಿಸಿಕೊಳ್ಳುವ ಆಸೆಯೂ ಇತ್ತು. ಇನ್ನೊಮ್ಮೆ ಇಲ್ಲ ಎನ್ನಲಿಲ್ಲ.

ಹುಡುಗರನ್ನು ಆರಿಸಿದ್ದು ಹೇಗೆ ಎಂದು ಕೇಳಬೇಡಿ ಎನ್ನಬೇಕೆನಿಸುತ್ತದೆ, ಆದರೆ ಹೇಳಬೇಕಾದ್ದು ಅದನ್ನೇ. ಮಗ್ಗಿಯನ್ನು ಯಾರು ಪಟಪಟ ಒಪ್ಪಿಸುತ್ತಾರೋ, ಯಾರ ಅಕ್ಷರ ದುಂಡಗಿದೆಯೋ, ಯಾರು ಎದುರು ಮಾತಾಡುವುದಿಲ್ಲವೋ ಅವರ ಮನೆಗೆ ಹೋದೆ. ಮಗ್ಗಿಯ ವೇಗಕ್ಕೂ ಬೀಜಗಣಿತಕ್ಕೂ ಸಂಬಂಧ ಕಡಿಮೆ ಎಂಬುದು ನನಗೆ ಗೊತ್ತಿರಲಿಲ್ಲ. ಅವರಲ್ಲಿ ಮೊದಲನೆಯವನು ಹುಮನಾಬಾದಿನ ಪಿಂಜಾರರ ಹುಡುಗ ಮೌಲಾ. ಹತ್ತಿ ಬಡಿಯುವ ಬಿಲ್ಲಿನ ಸಪ್ಪಳದ ನಡುವೆ ಅವನ ತಂದೆ ನನ್ನ ಮಾತು ಅರ್ಧ ಕೇಳಿ, “ನೀವ್ ಹ್ಯಾಂಗ ಅಂತೀರೋ ಹಂಗ ಉಸ್ತಾದ್,” ಎಂದುಬಿಟ್ಟ. ಇನ್ನು ಮೂವರ ಮನೆಗಳಲ್ಲೂ ಹೆಚ್ಚು ಮಾತು ನಡೆಯಲಿಲ್ಲ.

ತೊಡಕಾದದ್ದು ಘಾಟಬೋರಾಳದಲ್ಲಿ. ಅಲ್ಲಿಯ ಕಾಶೀನಾಥ ಮಗ್ಗಿಯಲ್ಲಿ ನಿಧಾನ, ಆದರೆ ಪ್ರಶ್ನೆ ಕೇಳುವುದರಲ್ಲಿ ಬಿಡುತ್ತಿರಲಿಲ್ಲ. ನನಗೆ ಐದನೆಯವನು ಬೇಕಾಗಿತ್ತು, ಅವನ ಸರದಿ ಬಂತು. ಅವನ ತಂದೆ ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ. ಮಾತಾಡಿದ್ದು ತಾಯಿ ಗುಂಡಮ್ಮ. ದೊಡ್ಡ ಲೆಕ್ಕ ಕಲಿತರೆ ಮಗ ಓವರ್ಸಿಯರ್ ಆಗುತ್ತಾನೆ, ರಸ್ತೆ ಸೇತುವೆ ಕಟ್ಟಿಸುತ್ತಾನೆ ಎಂದು ನಾನು ಬಣ್ಣಿಸಿದೆ. ಆಕೆ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು.

“ಅದು ಭಾಳ ಬಿರಿ, ಕಠಿಣ ಅದ ಅಂತಾರಲ್ರಿ. ನಪಾಸ್ ಆದ್ರ ಎಲ್ಲಾನೂ ಹೋಯ್ತು ಅಂತಾರ.”

“ಕಲಿಸೋರು ಛಲೋ ಇದ್ರ ಏನೂ ಬಿರಿ ಇಲ್ಲವ್ವಾ.”

“ಕಲಿಸೋರು ಯಾರ್ರಿ?”

“ನಾನೇ.”

“ನಿಮಗ ಬರ್ತದಲ್ರಿ ಮತ್ತ?” ಆಕೆ ಕೇಳಿದ್ದರಲ್ಲಿ ಅನುಮಾನವೇನೂ ಇರಲಿಲ್ಲ. ಎತ್ತು ಕೊಳ್ಳುವಾಗ ಹಲ್ಲು ನೋಡಿದ ಹಾಗೆ, ಕೇಳಬೇಕಾದದ್ದೆಂದು ಕೇಳಿದಳು.

“ಬರ್ತದ,” ಎಂದೆ.

ಹೀಗೆ ಐದು ಜನ ಹುಡುಗರನ್ನು ಕೂಡಿಸಿಕೊಂಡು ಒಂಬತ್ತನೆಯ ತರಗತಿ ಸುರುಮಾಡಿದೆ. ಹಿಂದಿನ ದಿನ ಪುಸ್ತಕದ ಉದಾಹರಣೆಗಳನ್ನು ಬಾಯಿಪಾಠ ಮಾಡುತ್ತಿದ್ದೆ, ಮರುದಿನ ಹಲಗೆಯ ಮೇಲೆ ಬರೆಯುತ್ತಿದ್ದೆ. ಋಣವನ್ನು ಋಣದಿಂದ ಗುಣಿಸಿದರೆ ಧನ ಯಾಕಾಗುತ್ತದೆ ಎಂದು ಕಾಶೀನಾಥ ಒಂದು ದಿನ ಕೇಳಿದ. “ಅದು ಕಾಯದಾ. ಕಾಯದಾಕ್ಕ ಯಾಕ ಅಂತ ಕೇಳಬಾರದು,” ಎಂದೆ. ಅವನು ಪೆನ್ಸಿಲನ್ನು ಬೆರಳಲ್ಲಿ ತಿರುಗಿಸುತ್ತ ಇಡೀ ತಾಸು ಏನನ್ನೂ ಬರೆಯಲಿಲ್ಲ.

ನನ್ನ ವೃತ್ತಿಯಲ್ಲಿ ಮಾಡಿದ ತಪ್ಪುಗಳಲ್ಲಿ ಅತಿ ದಡ್ಡ ತಪ್ಪನ್ನು ಇಲ್ಲಿ ಹೇಳಬೇಕು. ಒಂದು ಹೊಲದ ಉದ್ದ ಅಗಲಕ್ಕಿಂತ ಮೂರು ಗಜ ಹೆಚ್ಚು, ಕ್ಷೇತ್ರಫಲ ನೂರಾ ಎಂಟು ಚದರ ಗಜ, ಅಗಲ ಎಷ್ಟು? ಹೀಗೊಂದು ಲೆಕ್ಕ ಪುಸ್ತಕದಲ್ಲಿತ್ತು. ಹಿಂದಿನ ಪುಟದಲ್ಲಿ ಉತ್ತರ ಆರು ಎಂದು ಅಚ್ಚಾಗಿತ್ತು. ಕಾಶೀನಾಥ ಒಂಬತ್ತು ತಂದ. ತಪ್ಪು ಎಂದೆ. ಮತ್ತೆ ಮಾಡಿದ, ಮತ್ತೆ ಒಂಬತ್ತೇ ಬಂತು.

“ಸರಿ ಅದ್ರಿ ಉಸ್ತಾದ್, ನೋಡ್ರಿ ಬೇಕಾದ್ರ,” ಎಂದ.

“ಪುಸ್ತಕಕ್ಕಿಂತ ನೀ ದೊಡ್ಡವ ಆದೇನು?” ಎಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ.

ಉಳಿದವರು ಆರು ತರಲು ಹೆಣಗಿದರು. ಕಡೆಗೆ ಮೌಲಾ ತಂದ. ನೂರಾ ಎಂಟನ್ನು ಎರಡು ಅಂಕಿಗಳಾಗಿ ಒಡೆಯಬೇಕು. ಅವುಗಳ ಗುಣಾಕಾರ ನೂರಾ ಎಂಟಾಗಬೇಕು, ಅಂತರ ಮೂರಾಗಬೇಕು. ಮೌಲಾ ಹದಿನೆಂಟು ಮತ್ತು ಆರು ಎಂದು ಒಡೆದಿದ್ದ. ಗುಣಿಸಿದರೆ ನೂರಾ ಎಂಟು ಸರಿಯೇ, ಆದರೆ ಅಂತರ ಹನ್ನೆರಡು. ಅದನ್ನು ನಾನು ನೋಡಲೇ ಇಲ್ಲ. ಕೊನೆಯಲ್ಲಿ ಆರು ಬಂದಿದೆಯಲ್ಲ ಎಂದು ಅವನ ಬೆನ್ನು ತಟ್ಟಿ ಶಾಬಾಶ್ ಎಂದೆ. ಎಲ್ಲರೂ ಅವನ ಹಾಗೆಯೇ ಬರೆದುಕೊಳ್ಳಿ ಎಂದೆ. ಕಾಶೀನಾಥ ಬೆಂಚಿನ ಮೇಲಿನಿಂದ ಹಲಗೆಯನ್ನು ನೋಡುತ್ತಲೇ ಇದ್ದ.

ಈ ಪ್ರಸಂಗದಲ್ಲಿ ನನ್ನನ್ನು ಹೆಚ್ಚು ಕುಗ್ಗಿಸುವುದು ಬೀಜಗಣಿತ ಬರಲಿಲ್ಲ ಎಂಬುದಲ್ಲ. ಅಗಲ ಆರಾದರೆ ಉದ್ದ ಒಂಬತ್ತು, ಆರೊಂಬತ್ತಲಿ ಐವತ್ನಾಲ್ಕು. ಅಗಲ ಒಂಬತ್ತಾದರೆ ಉದ್ದ ಹನ್ನೆರಡು, ಗುಣಿಸಿದರೆ ನೂರಾ ಎಂಟು. ಇದು ನಾನು ಮೂರನೆಯ ತರಗತಿಯ ಮಕ್ಕಳಿಗೆ ಕಲಿಸುತ್ತಿದ್ದ ಮಗ್ಗಿ. ನನಗೆ ಗೊತ್ತಿದ್ದ ಸಣ್ಣ ಲೆಕ್ಕವೇ ಸಾಕಾಗಿತ್ತು. ದೊಡ್ಡ ಲೆಕ್ಕದ ಹೆದರಿಕೆಯಲ್ಲಿ ಅದನ್ನೂ ಮರೆತಿದ್ದೆ.

ಹತ್ತನೆಯ ತರಗತಿ ಸುರುವಾದ ಹೊಸತರಲ್ಲಿ ಶಾಲೆಗಳ ಇನ್‌ಸ್ಪೆಕ್ಟರ್ ಬಂದರು. ನಡುವಯಸ್ಸಿನ, ಮೆಲು ದನಿಯ ಮನುಷ್ಯ. ಬೈದವರಲ್ಲ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಪುಸ್ತಕದಲ್ಲಿ ಇಲ್ಲದ ಒಂದು ಲೆಕ್ಕ ಹೇಳಿದರು. ಹೊಲವೇ, ಆದರೆ ಉದ್ದ ನಾಲ್ಕು ಗಜ ಹೆಚ್ಚು, ಕ್ಷೇತ್ರಫಲ ತೊಂಬತ್ತಾರು. ನನ್ನ ಜಾಣ ಹುಡುಗನೆಂದು ಮೌಲಾನನ್ನು ನಾನೇ ಹಲಗೆಗೆ ಕಳಿಸಿದೆ. ಅವನು ಹದಿನಾರು, ಆರು ಎಂದು ಬರೆದು ನಿಂತ.

“ಹದಿನಾರು, ಆರೇ ಯಾಕಪ್ಪಾ? ಮೂವತ್ತೆರಡು, ಮೂರು ಯಾಕ ಬ್ಯಾಡ?” ಎಂದರು ಇನ್‌ಸ್ಪೆಕ್ಟರ್.

“ಅದೂ ನಡೀತದ್ರಿ ಸಾಬ್. ಹಿಂದ ಜವಾಬ ಏನ್ ಅದ ನೋಡಿ ತಗೋಬೇಕ್ರಿ.”

“ಹೀಂಗ ನಿನಗ ಯಾರು ಕಲಿಸಿದ್ರು?”

ಮೌಲಾ ನನ್ನ ಮುಖ ನೋಡಿದ. ಆಗಲೇ ಅವನಿಗೆ ಏನೋ ತಪ್ಪಾಗಿದೆ ಎಂದು ಹೊಳೆದಿರಬೇಕು. “ಯಾರೂ ಇಲ್ರಿ ಸಾಬ್. ನಾನೇ ಮನಿಯಾಗ ಮಾಡಕೊಂಡೀನಿ. ಉಸ್ತಾದ್ ಬ್ಯಾರೆ ಹೇಳ್ಯಾರ, ನನಗ ನೆಪ್ಪ ಹಾರ್ಯದ,” ಎಂದ.

ಇನ್‌ಸ್ಪೆಕ್ಟರ್ ಅವನನ್ನು ಕೂಡಲು ಹೇಳಿ, ಸೀಮೆಸುಣ್ಣದ ಖಡುವನ್ನು ನನ್ನ ಕೈಗೆ ಕೊಟ್ಟರು. “ಹಂಗಾದ್ರ ನೀವು ಹೇಳಿದ್ದು ಹ್ಯಾಂಗ, ತೋರಸ್ರಿ.”

ನಾನು ಹಲಗೆಯ ಎದುರು ನಿಂತೆ. ಉತ್ತರ ಗೊತ್ತಿಲ್ಲದ ಲೆಕ್ಕವನ್ನು ನಾನು ಒಂದು ಸಲವೂ ಮಾಡಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನಿಂದ ಕಾಶೀನಾಥ ಮೆಲ್ಲಗೆ, ತನಗೆ ತಾನೇ ಓದಿಕೊಳ್ಳುವವನ ಹಾಗೆ, “ಹನ್ನೆರಡು, ಎಂಟು” ಎಂದ. ನಾನು ಅದನ್ನು ಬರೆದುಬಿಟ್ಟೆ. ಇನ್‌ಸ್ಪೆಕ್ಟರಿಗೂ ಅದು ಕೇಳಿಸಿತ್ತು. ಅವರು ಟೋಪಿ ಸರಿಮಾಡಿಕೊಂಡು ಹೊರಗೆ ಹೋದರು.

ಸಂಜೆ ಹೆಡ್‌ಮಾಸ್ತರರ ಕೋಣೆಯಲ್ಲಿ ತೀರ್ಪಾಯಿತು. ಈ ವರ್ಷದ ಕೊನೆಗೆ ನಾನೂ ದೊಡ್ಡ ಲೆಕ್ಕದ ಪರೀಕ್ಷೆಗೆ ಕೂತು ಪಾಸಾಗಬೇಕು. ಇಲ್ಲವಾದರೆ ಮುಡಬಿಯ ಸಣ್ಣ ಮಕ್ಕಳ ಶಾಲೆಗೆ ಹೋಗಬೇಕು. ಹೊಸ ಮಾಸ್ತರ ಸಿಗುವವರೆಗೆ ಆ ಐವರಿಗೆ ನಾನೇ ಪಾಠ ಹೇಳಬೇಕು. ಅಂದರೆ ನನ್ನ ಹುಡುಗರು ಬರೆಯುವ ಪರೀಕ್ಷೆಯನ್ನೇ ನಾನೂ ಬರೆಯಬೇಕು. ಹೊಸ ಮಾಸ್ತರ ಸಿಗಲಿಲ್ಲ.

ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎನ್ನುತ್ತಿದ್ದರು. ಅಲ್ಲಿ ಮೀರ್ ಸಾಹೇಬರು ಎಂಬ ಹಿರಿಯ ಗಣಿತದ ಉಸ್ತಾದರು ನಿವೃತ್ತರಾಗಿ, ಕೋಟೆಯ ಕಡೆಯ ಓಣಿಯಲ್ಲಿ ಮನೆ ಮಾಡಿದ್ದರು. ಪ್ರತಿ ಶುಕ್ರವಾರ ಬೆಳಿಗ್ಗೆ ನಾನು ಮೋಟಾರು ಬಸ್ಸಿನಲ್ಲಿ ಅಲ್ಲಿಗೆ ಹೋಗತೊಡಗಿದೆ. ಅವರು ನಮಾಜಿಗೆ ಹೋಗಿ ಬರುವವರೆಗೆ ಕೊಟ್ಟ ಲೆಕ್ಕ ಮಾಡುತ್ತ ಅಂಗಳದಲ್ಲಿ ಕೂತಿರುತ್ತಿದ್ದೆ, ಬಂದ ಮೇಲೆ ಪಾಠ. ಅವರ ಪಾಠದಲ್ಲಿ ಪುಸ್ತಕ ಕಡಿಮೆ. ಅಂಗಳದ ಕಲ್ಲಿನ ಮೇಲೆ ಹುರಿ ಮತ್ತು ಇದ್ದಿಲಿನಿಂದ ವೃತ್ತ ಎಳೆಸುತ್ತಿದ್ದರು. “ಮೊದಲ ಕಣ್ಣಿಗಿ ಕಾಣಲಿ, ಆಮ್ಯಾಲ ಕಾಯದಾ,” ಎನ್ನುತ್ತಿದ್ದರು. ಋಣ ಋಣ ಸೇರಿ ಧನವಾಗುವುದು ಯಾಕೆಂದು ನನಗೆ ತಿಳಿದದ್ದು ಆ ಅಂಗಳದಲ್ಲಿ. ಆ ಆರರ ಲೆಕ್ಕವನ್ನು ತೋರಿಸಿದಾಗ ಅವರು ಪುಸ್ತಕವನ್ನು ಬೆಳಕಿಗೆ ಹಿಡಿದು ನಕ್ಕರು. ಉರ್ದುವಿನ ಆರು ಮತ್ತು ಒಂಬತ್ತು ಒಂದನ್ನೊಂದು ಕನ್ನಡಿಯಲ್ಲಿ ನೋಡಿದ ಹಾಗೆ ಇರುತ್ತವೆ. ಅಚ್ಚಿನವನು ಅದಲು ಬದಲು ಮಾಡಿದ್ದ.

ನಾನು ಮರುದಿನ ತರಗತಿಯಲ್ಲಿ ಅಚ್ಚಿನ ತಪ್ಪು ಎಂದು ಹೇಳಿದೆ. ಕಾಶೀನಾಥನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರ ಬಗ್ಗೆ ಏನೂ ಹೇಳಲಿಲ್ಲ.

ಮೂರೋ ನಾಲ್ಕೋ ಶುಕ್ರವಾರ ಕಳೆದ ಮೇಲೆ ಮೀರ್ ಸಾಹೇಬರು ಚಹಾ ಕುಡಿಯುತ್ತ ಕೇಳಿದರು: “ನಿನ್ನ ಹುಡುಗರಿಗಿ ಯಾರು ಹೇಳಾಕತ್ತಾರ ಇದನ್ನ?”

“ನಾನೇ ಹೇಳಾಕತ್ತೀನ್ರಿ, ಇಲ್ಲಿ ಕಲ್ತದ್ದು.”

“ನೀ ಇನ್ನೂ ಹಸೀ ಇದ್ದೀ ಬಂಡೆಪ್ಪ. ಅವರನ್ನೂ ಕರಕೊಂಡ ಬಾ. ಐದೇ ಮಂದಿ ಅಲ್ಲೇನು? ಅಂಗಳ ದೊಡ್ಡದದ. ನಿನಗ ಹೇಳೂದು ಅವರಿಗೂ ಹೇಳ್ತೀನಿ.”

“ಆಗ್ಲಿರಿ,” ಎಂದೆ.

ಕರೆದುಕೊಂಡು ಹೋಗಲಿಲ್ಲ. ಮೋಟಾರಿನ ತೊಂದರೆ, ಮನೆಯವರು ಬಿಡುವುದಿಲ್ಲ ಎಂದು ಸಾಹೇಬರಿಗೆ ಒಂದೊಂದು ವಾರ ಒಂದೊಂದು ನೆವ ಹೇಳಿದೆ. ಹುಡುಗರಿಗೆ ವಿಷಯವನ್ನೇ ತಿಳಿಸಲಿಲ್ಲ. ಕಾರಣ ಇಷ್ಟೇ. ಆ ಅಂಗಳದಲ್ಲಿ ನಾನು ಮಂಡಿಯೂರಿ ಕೂತು ತಪ್ಪು ವೃತ್ತ ಎಳೆದು ಬೈಸಿಕೊಳ್ಳುವುದನ್ನು ಅವರು ನೋಡಬಾರದು. ಇನ್‌ಸ್ಪೆಕ್ಟರ್ ಎದುರು ಒಮ್ಮೆ ನೋಡಿದ್ದು ಸಾಕು ಎನಿಸಿತ್ತು. ಶುಕ್ರವಾರ ನನಗೆ ತಿಳಿದದ್ದರಲ್ಲಿ ಅರ್ಧವನ್ನು ಶನಿವಾರ ಅವರಿಗೆ ಹೇಳುತ್ತಿದ್ದೆ. ರೇಖಾಗಣಿತವನ್ನಂತೂ, ನನಗೆ ಪೂರ್ತಿ ಹಿಡಿತ ಸಿಕ್ಕ ಮೇಲೆ ಒಟ್ಟಿಗೆ ಹೇಳೋಣ ಎಂದು ಮುಂದೂಡಿದೆ. ಹಿಡಿತ ಸಿಗುವ ಹೊತ್ತಿಗೆ ಪರೀಕ್ಷೆ ಬಂದಿತ್ತು. ವೃತ್ತದ ಪಾಠವನ್ನು ಅವಸರದಲ್ಲಿ ಪುಸ್ತಕದಿಂದ ಓದಿ ಮುಗಿಸಿದೆ.

ಪರೀಕ್ಷೆ ಕಲ್ಯಾಣಿಯಲ್ಲೇ. ನಾವೆಲ್ಲ ಒಂದೇ ಮೋಟಾರಿನಲ್ಲಿ ಹೋದೆವು. ನೀವೂ ಬಂದಿರಾ ಎಂದು ಮೌಲಾ ಖುಷಿಯಿಂದ ಕೇಳಿದ. “ಡ್ಯೂಟಿ ಅದ,” ಎಂದೆ. ದಾರಿಯುದ್ದಕ್ಕೂ ಅವರು ನನ್ನನ್ನು ಅದು ಬರಬಹುದೇ, ಇದು ಬರಬಹುದೇ ಎಂದು ಕೇಳುತ್ತಿದ್ದರು. ಕಾಶೀನಾಥ ಮಾತ್ರ ಕಿಟಕಿಯ ಆಚೆ ನೋಡುತ್ತಿದ್ದ.

ಗಂಟೆ ಬಾರಿಸುವವರೆಗೆ ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಎಲ್ಲರೂ ಒಳಗೆ ಹೋದ ಮೇಲೆ ಹೋದೆ. ನನ್ನ ಪರೀಕ್ಷೆಯ ಅಂಕಿ ಬರೆದ ಜಾಗ ಮೌಲಾನ ಬೆಂಚಿನ ಪಕ್ಕದಲ್ಲೇ ಇತ್ತು. ನಾನು ಬರುವುದನ್ನು ಕಂಡು ಅವನು, ತರಗತಿಯಲ್ಲಿ ಏಳುವ ಹಾಗೆ ಎದ್ದು ನಿಂತ. ಅವನನ್ನು ನೋಡಿ ಉಳಿದ ನಾಲ್ವರೂ ಎದ್ದರು. ಕಾವಲಿಗಿದ್ದ ಮಾಸ್ತರ ಸಿಟ್ಟಾದರು.

“ಏ, ಯಾಕ ಎದ್ರಿ?”

“ನಮ್ಮ ಉಸ್ತಾದ್ ಬಂದಾರ್ರಿ,” ಎಂದ ಮೌಲಾ.

“ಎಲ್ಲಿ?”

ಮೌಲಾ ಕೈ ಮಾಡಿ ತೋರಿಸಿದ. ಅಷ್ಟರಲ್ಲಿ ನಾನು ನನ್ನ ಅಂಕಿಯ ಮುಂದೆ ಕೂತುಬಿಟ್ಟಿದ್ದೆ. ಕಲ್ಯಾಣಿಯ ಹುಡುಗರೆಲ್ಲ ತಿರುಗಿ ನೋಡಿದರು. ಯಾರೋ ನಕ್ಕರು. ನನ್ನ ಐವರು ನಗಲಿಲ್ಲ. ಒಬ್ಬೊಬ್ಬರಾಗಿ, ಸಪ್ಪಳ ಮಾಡದೆ ಕೂತರು. ಆ ಮೇಲೆ ಪರೀಕ್ಷೆ ಮುಗಿಯುವವರೆಗೆ ಒಬ್ಬನೂ ನನ್ನ ಕಡೆ ನೋಡಲಿಲ್ಲ. ನನಗೆ ನೋವಾಗಬಾರದು ಎಂದೇ ಅವರು ಹಾಗೆ ಮಾಡಿದರು. ನಾನದನ್ನು ಬಲ್ಲೆ.

ಪ್ರಶ್ನೆಗಳಲ್ಲಿ ವೃತ್ತದ ಕೋನದ್ದೊಂದು ದೊಡ್ಡ ಪ್ರಶ್ನೆ ಬಂದಿತ್ತು. ಮೀರ್ ಸಾಹೇಬರು ಇದ್ದಿಲು ಹಿಡಿಸಿ ನಾಲ್ಕು ಸಲ ಮಾಡಿಸಿದ್ದೇ ಅದು. ನನ್ನ ಕೈ ತಾನೇ ಬರೆಯತೊಡಗಿತು. ಬರೆಯುತ್ತ ಒಮ್ಮೆ ಪಕ್ಕಕ್ಕೆ ನೋಡಿದರೆ ಮೌಲಾ ಒಂದು ವೃತ್ತ ಎಳೆದು, ಅದರ ಮೇಲೆಯೇ ಮತ್ತೆ ಮತ್ತೆ ಪೆನ್ಸಿಲು ತಿರುಗಿಸುತ್ತಿದ್ದ. ಆ ವೃತ್ತದೊಳಗೆ ಏನೂ ಇರಲಿಲ್ಲ. ನಾನು ತಲೆ ಬಗ್ಗಿಸಿ ನನ್ನದನ್ನು ಮುಗಿಸಿದೆ.

ಫಲಿತಾಂಶ ಬಂದ ದಿನ ಕರೀಮ್ ಸಾಹೇಬರು ಇಡೀ ಶಾಲೆಯನ್ನು ಅಂಗಳದಲ್ಲಿ ಕೂಡಿಸಿದರು. ಸಣ್ಣ ಲೆಕ್ಕದವರು ಬಹಳ ಮಂದಿ ಪಾಸಾಗಿದ್ದರು. ದೊಡ್ಡ ಲೆಕ್ಕದ ಐವರೂ ನಪಾಸು. ನಾನು ಪಾಸು. ಸಾಹೇಬರಿಗೆ ನಿಜವಾಗಿಯೂ ಸಂತೋಷವಾಗಿತ್ತು. ನಮ್ಮ ಶಾಲೆಗೆ ಇನ್ನು ಮುಂದೆ ದೊಡ್ಡ ಲೆಕ್ಕದ ಪಕ್ಕಾ ಮಾಸ್ತರ ಇದ್ದಾರೆ, ಕ್ಲಾಸು ಉಳಿಯಿತು ಎಂದು ಭಾಷಣ ಮಾಡಿ ಪೇಢೆ ಹಂಚಿಸಿದರು. ಐವರೂ ಅಲ್ಲೇ ಇದ್ದರು. ಅವರಿಗೂ ಪೇಢೆ ಕೊಟ್ಟರು. ಮೌಲಾ ತನ್ನದನ್ನು ತಿಂದ, ಉಳಿದವರು ಹಿಡಿದುಕೊಂಡೇ ನಿಂತಿದ್ದರು. ನಾನು ನನ್ನದನ್ನು ಬಾಯಲ್ಲಿಟ್ಟುಕೊಂಡೆ. ಎಲ್ಲರೂ ನೋಡುತ್ತಿದ್ದರು, ನುಂಗಿದೆ.

ಒಂದು ವಾರ ತಡೆದು ಘಾಟಬೋರಾಳಕ್ಕೆ ಹೋದೆ. ಗುಂಡಮ್ಮ ಕಂಬಳಿ ಹಾಸಿ ಕೂಡಿಸಿದಳು. ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ನಾನು ಮಾತು ಹೇಗೆ ಸುರು ಮಾಡಲಿ ಎಂದು ಯೋಚಿಸುತ್ತಿದ್ದಾಗ ಆಕೆಯೇ, “ನೀವರ ಪಾಸ್ ಆದ್ರಂತಲ್ರಿ, ಛಲೋ ಆಯ್ತು. ಮುಡಬಿಗಿ ಹೋಗೂದ ತಪ್ಪಿತು,” ಎಂದಳು. ಕೊಂಕು ಇತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಇರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಉತ್ತರ ಕೊಡಬಹುದಾಗಿತ್ತು.

ಕಾಶೀನಾಥ ಗೋಡೆಗೆ ಒರಗಿ ಕೂತಿದ್ದ. ನಾನು ಅವನಿಗೆ ಎಲ್ಲ ಹೇಳಿದೆ. ಕಲ್ಯಾಣಿಯ ಮೀರ್ ಸಾಹೇಬರ ವಿಷಯ, ಅವರು ಕರೆದದ್ದು, ನಾನು ಒಯ್ಯದೇ ಇದ್ದದ್ದು. ಇನ್ನೊಂದು ವರ್ಷ ಕೂಡು, ಪ್ರತಿ ಶುಕ್ರವಾರ ನಾನೇ ಕರೆದುಕೊಂಡು ಹೋಗುತ್ತೇನೆ, ದೊಡ್ಡ ಲೆಕ್ಕ ನಿನಗಾಗಿಯೇ ಇದೆ ಎಂದೆ. ಅದು ನಿಜವಾಗಿತ್ತು. ಐವರಲ್ಲಿ ಆ ಲೆಕ್ಕ ತಲೆಯೊಳಗೆ ಹುಟ್ಟುತ್ತಿದ್ದದ್ದು ಅವನೊಬ್ಬನಿಗೆ.

ಅವನು ನೆಲ ನೋಡುತ್ತ, “ನಾ ಸಣ್ಣ ಲೆಕ್ಕ ತಗೋತೀನ್ರಿ,” ಎಂದ.

“ಹಂಗ ಮಾಡಬ್ಯಾಡೋ. ನೀ ಓವರ್ಸಿಯರ್ ಆಗಾವ.”

ಆಗ ಬಾಗಿಲ ಬಳಿ ಕೂತಿದ್ದ ಅವನ ತಂದೆ ಬಾಯಿಬಿಟ್ಟ. “ಮಾಸ್ತರ, ಹೋದ ಸರ್ತಿ ನಿಮ್ಮ ಮಾತ ಕೇಳೀವಿ. ಈ ಸರ್ತಿ ಹುಡುಗನ ಮಾತ ಕೇಳ್ತೀವಿ. ಬ್ಯಾಸರ ಮಾಡಕೋಬ್ಯಾಡ್ರಿ.”

ಕಾಶೀನಾಥ ಮರುವರ್ಷ ಸಣ್ಣ ಲೆಕ್ಕದಲ್ಲಿ ಶಾಲೆಗೇ ಮೊದಲಿಗನಾಗಿ ಪಾಸಾದ. ತಹಸೀಲು ಕಚೇರಿಯಲ್ಲಿ ಕಾರಕೂನನಾದ. ನನ್ನನ್ನು ಕಂಡರೆ ಗೌರವದಿಂದ ಮಾತಾಡಿಸುತ್ತಿದ್ದ, ನಿಲ್ಲುತ್ತಿರಲಿಲ್ಲ.

ಆ ಮೇಲೆ ನಾನು ಕೆಲಸದ ರೀತಿಯನ್ನು ಬದಲಿಸಿಕೊಂಡೆ. ಎಂಟನೆಯ ತರಗತಿಯ ಕಡೆಯ ಎರಡು ತಿಂಗಳು ಎಲ್ಲ ಮಕ್ಕಳಿಗೂ ದೊಡ್ಡ ಲೆಕ್ಕದ ರುಚಿ ತೋರಿಸಿ, ಆ ನಂತರವೇ ಆರಿಸಲು ಬಿಡುತ್ತಿದ್ದೆ. ಪುಸ್ತಕದ ಹಿಂದಿನ ಉತ್ತರದ ಪುಟಗಳನ್ನು ಹೊಲಿದುಬಿಡುತ್ತಿದ್ದೆ. ಬಂದ ಉತ್ತರ ಸರಿಯೋ ತಪ್ಪೋ ಹುಡುಗನೇ ತಾಳೆ ನೋಡಿ ಹೇಳಬೇಕು. ಯಾಕೆ ಎಂದು ಕೇಳುವವನನ್ನು ದೊಡ್ಡ ಲೆಕ್ಕಕ್ಕೆ ಕರೆಯುತ್ತಿದ್ದೆ, ಮಗ್ಗಿಯಲ್ಲಿ ಅವನು ತೊದಲಿದರೂ ಸರಿ. ಸಣ್ಣ ಲೆಕ್ಕ ಬೇಕೆನ್ನುವವನನ್ನು ಕೀಳಾಗಿ ನೋಡುತ್ತಿರಲಿಲ್ಲ. ಮೀರ್ ಸಾಹೇಬರು ಇರುವವರೆಗೆ ಶುಕ್ರವಾರ ಹುಡುಗರನ್ನು ಕಟ್ಟಿಕೊಂಡು ಅವರ ಅಂಗಳಕ್ಕೆ ಹೋಗುತ್ತಿದ್ದೆ, ಹುಡುಗರ ಜೊತೆಯಲ್ಲೇ ನೆಲಕ್ಕೆ ಕೂತು ಕಲಿಯುತ್ತಿದ್ದೆ. ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಪಾಠ ಕನ್ನಡಕ್ಕೆ ತಿರುಗಿತು. ಮುಸಲ್ಲಸ್ ಹೋಗಿ ತ್ರಿಭುಜ ಬಂತು, ಅಲಿಫ್ ಬೇ ಹೋಗಿ ಅ ಬ ಬಂತು. ನನ್ನ ಜೊತೆಯ ಮಾಸ್ತರರು ಹೊಸ ಮಾತು ಬರುವುದಿಲ್ಲವೆಂದು ಮುಚ್ಚಿಡಲು ಒದ್ದಾಡಿದರು. ನಾನು ಹುಡುಗರೆದುರಿಗೇ ನನಗೆ ಗೊತ್ತಿಲ್ಲ, ಕೂಡಿ ನೋಡೋಣ ಎನ್ನುತ್ತಿದ್ದೆ. ಅದನ್ನು ಜನ ನನ್ನ ದೊಡ್ಡ ಗುಣ ಎಂದು ಹೊಗಳಿದರು. ಅದರ ಹಿಂದೆ ಏನಿತ್ತೆಂದು ನನಗೆ ಗೊತ್ತು. ಮುಂದೆ ನನ್ನ ಕೈಯಲ್ಲಿ ಪಾಸಾದವರು ಬಹಳ ಮಂದಿ. ಅವರನ್ನು ಎಣಿಸಿ ಆ ಐವರನ್ನು ಮರೆಯಲು ಸುಮಾರು ಸಲ ಪ್ರಯತ್ನಪಟ್ಟಿದ್ದೇನೆ, ಆಗಲಿಲ್ಲ.

ಮೌಲಾನ ವಿಷಯ ಹೇಳಿ ಮುಗಿಸುತ್ತೇನೆ. ಅವನು ಮತ್ತೆ ಪರೀಕ್ಷೆಗೆ ಕೂಡಲಿಲ್ಲ. ಕೆಲವು ದಿನ ತಂದೆಯ ಜೊತೆ ಹತ್ತಿ ಬಡಿದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದ್ದಿಲಿನ ಗ್ಯಾಸಿನಿಂದ ಓಡುವ ಮೋಟಾರುಗಳು ಬಂದಾಗ, ಹುಮನಾಬಾದ್ ಕಲ್ಯಾಣಿ ದಾರಿಯ ಒಂದು ಮೋಟಾರಿನಲ್ಲಿ ಬೆಂಕಿ ನೋಡಿಕೊಳ್ಳಲು ಸೇರಿ, ಕಡೆಗೆ ಅದರ ಕಂಡಕ್ಟರನಾದ. ನಾನು ಹತ್ತಿದರೆ ಸಾಕು, ಕಿಕ್ಕಿರಿದ ಜನರ ನಡುವೆ ದಾರಿ ಬಿಡಿಸಿ ಜಾಗ ಮಾಡಿಕೊಡುತ್ತಿದ್ದ. ಬೇಡವೆಂದರೆ ಕೇಳುತ್ತಿರಲಿಲ್ಲ. ಅವನ ಮೋಟಾರು ತಪ್ಪಿಸಿ ಬೇರೆಯದಕ್ಕೆ ಕಾಯ್ದು ನಿಂತದ್ದೂ ಉಂಟು.

ನಲವತ್ತರ ದಶಕದ ಕೊನೆಯಲ್ಲಿ ಒಂದು ದಿನ ಹಾಗೆ ತಪ್ಪಿಸಲಾಗಲಿಲ್ಲ. ಒಳಗೆ ಒಬ್ಬ ರೈತ ತನ್ನ ಮಗನನ್ನು ಪಕ್ಕಕ್ಕೆ ಕೂಡಿಸಿಕೊಂಡು, ಮುಂದೆ ಯಾವ ಲೆಕ್ಕ ಕೊಡಿಸಬೇಕು, ಯಾರ ಹತ್ತಿರ ಹಾಕಬೇಕು ಎಂದು ಎದುರಿನವರನ್ನು ವಿಚಾರಿಸುತ್ತಿದ್ದ. ಮೌಲಾನ ಕಿವಿಗೆ ಅದು ಬಿತ್ತು. ಟಿಕೆಟು ಹರಿಯುವುದನ್ನು ನಿಲ್ಲಿಸಿ ನನ್ನ ಕಡೆ ಕೈ ತೋರಿಸಿದ.

“ಫಿಕರ್ ಯಾಕ ಮಾಡಾಕತ್ತೀರಿ? ಇವರ ಕಡೀ ಹಾಕ್ರಿ. ನಮ್ಮ ಉಸ್ತಾದ್ ಇವ್ರು. ದೊಡ್ಡ ಲೆಕ್ಕ ಅಂದ್ರ ಇವರೇ ನೋಡ್ರಿ. ನಮ್ಮ ಸಂಗಾಟನೇ ಪರೀಕ್ಷಾಕ್ಕ ಕೂತಿದ್ರು. ಆರು ಮಂದಿ ಕೂತಿದ್ವಿ, ಪಾಸ್ ಆದವ್ರು ಇವರೊಬ್ಬರೇ!”

ಅವನ ದನಿಯಲ್ಲಿ ಹೆಮ್ಮೆಯ ಹೊರತು ಬೇರೇನೂ ಇರಲಿಲ್ಲ. ಜನ ನನ್ನನ್ನು ನೋಡಿದರು. ಆ ರೈತ ಕೂತಲ್ಲಿಂದಲೇ ಕೈ ಮುಗಿದ, ಮಗನನ್ನು ಎಬ್ಬಿಸಿ ನನಗೆ ಜಾಗ ಬಿಡಿಸಿದ.

“ಕೂಡ್ರಿ ಉಸ್ತಾದ್, ಕೂಡ್ರಿ,” ಎಂದ ಮೌಲಾ.

ಕಲ್ಯಾಣಿ ಬರುವವರೆಗೆ ನಾನು ನಿಂತೇ ಇದ್ದೆ.